ಕೂಸಿಗೆಂದು ಬಿಟ್ಟ ಮಡಿ

ಪಾಲಕದ ಎಲೆಯೊಂದನ್ನು ಚಿವುಟಿ ಮೂಗಿನ ಹತ್ತಿರ ತಂದ ಕೋಮಲ ಹಾಗೆಯೇ ಕುಳಿತುಬಿಟ್ಟಳು. ಮತ್ತೊಂದು ಎಲೆ ಮೂಸಿದಳು. ಆಚೆ ಸಾಲಿನದನ್ನೂ ಮೂಸಿದಳು. ಸಂಶಯವೇ ಇರಲಿಲ್ಲ. ಎಲೆಗಳ ಮೇಲೆ ಬಿಳಿ ಚುಕ್ಕೆಗಳು ಒಣಗಿ ನಿಂತಿದ್ದವು. ಒರೆಸಿದರೆ ಬೆರಳಿಗೆ ಅಂಟು ಹತ್ತಿತು.

"ಇದಕ್ಕ ಎಣ್ಣಿ ಹೊಡದವ್ರ್ಯಾರು?" ಎಂದು ಕೂಗಿದಳು.

ಅಗರಖೇಡದ ಆ ತೋಟದಲ್ಲಿ ನಿಂಬೆಗಾಗಲಿ ದ್ರಾಕ್ಷಿಗಾಗಲಿ ಹುಳದೆಣ್ಣೆ ಹೊಡೆಯದೆ ನಡೆಯುವುದಿಲ್ಲ. ಅದು ಅವಳಿಗೂ ಗೊತ್ತು. ಗಂಡ ಸುಭಾಸನನ್ನು ಅವಳು ಕೇಳಿದ್ದು ಬಾವಿಯ ಬದಿಯ ಒಂದು ಮಡಿ ಮಾತ್ರ. ಬರೀ ತಿಪ್ಪೆಗೊಬ್ಬರ ಹಾಕಿ ಪಾಲಕ, ಗಜ್ಜರಿ ಬೆಳೆದಿದ್ದಳು. ತೋಟದ ಎಣ್ಣೆ ಗಾಳಿಗೆ ಹಾರಿ ಬಂದೀತೆಂದು ಸುತ್ತಲೂ ಹಳೆಯ ಸೀರೆ ಕಟ್ಟಿದ್ದಳು. "ಸುಭಾಸನ ಹೇಣ್ತಿ ಪಾಲಕಕ್ಕೂ ಸೀರಿ ಉಡಿಸ್ಯಾಳ ನೋಡ್ರಿ" ಎಂದು ಹಾದಿಯವರು ನಗುತ್ತಿದ್ದರು.

ನಗಲಿ ಎಂದು ಬಿಟ್ಟಿದ್ದಳು. ಅವಳ ಮೊದಲ ಮಗ ಕೈಗೂಸಿದ್ದಾಗಲೇ ವಾಂತಿ ಹತ್ತಿ ಹೋದ. ಯಾಕೆಂದು ಯಾವ ಡಾಕ್ಟರೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಹೆಂಗಸು ಮಾತ್ರ, "ಎಣ್ಣಿ ಹೊಡದದ್ದೇನರ ತಿನಸಿದ್ಯೇನವಾ?" ಎಂದು ಕೇಳಿದ್ದಳು. ಹಿಂದಿನ ದಿನ ತೋಟದ ದ್ರಾಕ್ಷಿ ಹಿಂಡಿ ಮಗನಿಗೆ ರಸ ಕುಡಿಸಿದ್ದಳು ಕೋಮಲ. ಆಸ್ಪತ್ರೆಯಿಂದ ಮಗ ಮನೆಗೆ ಬರಲಿಲ್ಲ, ಆ ಮಾತು ಬಂತು.

ಈಗ ಎರಡನೆಯ ಕೂಸು, ಸಾಕ್ಷಿ. ಸಾವಯವ ಎಂದು ಬರೆದ ಕೂಸಿನ ಹಿಟ್ಟಿನ ಪೊಟ್ಟಣವನ್ನು ಸುಭಾಸ ಇಂಡಿ ಪೇಟೆಯಿಂದ ತಂದುಕೊಟ್ಟಿದ್ದ. ಅವಳು ಅದನ್ನು ತಿರುವಿ ತಿರುವಿ ನೋಡಿ, "ಇದನ್ನ ಬೆಳದವ್ರೂ ನಮ್ಮಂಥಾವ್ರ ಅಲ್ಲೇನ್ರಿ? ಯಾರ ಕಂಡಾರ?" ಎಂದು ಗೂಡಿನಲ್ಲಿಟ್ಟಳು. ನಿನ್ನೆ ನರ್ಸಬಾಯಿ ಕೂಸನ್ನು ತೂಕಕ್ಕೆ ಹಾಕಿ ಗದರಿಸಿ ಹೋಗಿದ್ದಳು. "ಇಳಿಯಾಕತ್ತೈತಿ. ಇನ್ನ ಬರೇ ಎದಿಹಾಲಿನ ಮ್ಯಾಲ ಕೂಸು ತಡಿಯಂಗಿಲ್ಲ. ನಾಳಿಂದ ಉಣಸು." ಹಾಲೂ ಬತ್ತುತ್ತ ಬಂದಿತ್ತು. ಪಾಲಕ ಬೇಯಿಸಿ ಅರೆದು ತಿನ್ನಿಸಬೇಕೆಂದೇ ಕೋಮಲ ಇವತ್ತು ಬೆಳಗಾಗುತ್ತಲೇ ಬುಟ್ಟಿ ಹಿಡಿದು ಬಂದದ್ದು.

ಅತ್ತೆ ಸಾವಿತ್ರವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಹಿಂದೆ ಸುಭಾಸ.

"ನಾನ ಹೊಡಸೀನಿ. ಒದರಬ್ಯಾಡ."

"ನೀವಾ?"

"ಹುಳಾ ಬಿದ್ದಿದ್ವು. ಎಲಿ ಜರಡಿ ಆಗಾಕತ್ತಿದ್ವು. ನೀ ಇದರ ಹೊರ್ತು ಬ್ಯಾರೆ ಏನೂ ಕೂಸಿನ ಬಾಯಿಗೆ ಹಚ್ಚಗೊಡಂಗಿಲ್ಲ. ಇದೂ ಹುಳದ ಪಾಲಾದ್ರ ಏನ ತಿನಸ್ತಿದ್ದಿ? ನಿನ್ನಿ ದ್ರಾಕ್ಷಿಗೆ ಎಣ್ಣಿ ಹೊಡ್ಯಾಕ ಬಂದಿದ್ದ ಸೋಮನಿಂಗನ ಪಂಪಿನ ತಳದಾಗ ತುಸು ಉಳದಿತ್ತು. ಇದಕ್ಕೂ ಹೊಡಿಯಪಾ ಅಂದೆ."

ಕೋಮಲ ಕೈಯಲ್ಲಿದ್ದ ಎಲೆಯನ್ನು ಅತ್ತೆಯ ಮುಂದೆ ಹಿಡಿದಳು.

"ಉಪ್ಪಿನ ನೀರಾಗ ತೊಳದ್ರ ಹೋಗ್ತೈತಿ" ಎಂದ ಸುಭಾಸ, ಎತ್ತಲೋ ನೋಡುತ್ತ.

"ಹಂಗಾರ ನೀವ ಮೊದ್ಲ ತಿನ್ರಿ. ಈಗ, ನನ್ನ ಮುಂದ ತಿನ್ರಿ."

ಅವನು ಚಪ್ಪಲಿಯ ತುದಿಯಿಂದ ಮಣ್ಣು ಕೆದರಿದ.

ಕೋಮಲ ಮಡಿಗಿಳಿದು ಪಾಲಕ ಕೀಳತೊಡಗಿದಳು. ಹಿಡಿ ಹಿಡಿಯಾಗಿ ಬೇರುಸಹಿತ ಕಿತ್ತು ಒಗೆದಳು. ಗಜ್ಜರಿ ಇನ್ನೂ ಕಿರುಬೆರಳ ಗಾತ್ರ, ಅದನ್ನೂ ಬಿಡಲಿಲ್ಲ.

"ನನಗ ಬೈ, ಬೇಕಾರ ಹೊಡಿ" ಎಂದಳು ಸಾವಿತ್ರವ್ವ. ಅವಳ ದನಿ ಒಡೆದಿತ್ತು. "ಆ ಕೂಸು ಹೋದಾಗ ನೀ ಒಬ್ಬಾಕೇ ಅತ್ತೇನು?"

ಮನೆಗೆ ಬಂದು ಕೋಮಲ ಸಾಬೂನು ಹಚ್ಚಿ ಹಚ್ಚಿ ಕೈ ತೊಳೆದಳು. ಸಾಕ್ಷಿಯನ್ನು ಎದೆಗೆ ಹಾಕಿಕೊಂಡಳು. ಕೂಸು ಎಳೆಯಿತು, ಬಿಟ್ಟಿತು, ಮತ್ತೆ ಎಳೆಯಿತು, ಆಮೇಲೆ ಅತ್ತಿತು. ಅಳುವುದಕ್ಕೂ ತ್ರಾಣವಿಲ್ಲದ ಸಣ್ಣ ಅಳು. ಅದನ್ನು ಕೌದಿಯ ಮೇಲೆ ಬಿಟ್ಟು ಗೂಡಿನೊಳಗಿನ ಪೊಟ್ಟಣ ತೆಗೆದಳು. ಕತ್ತರಿ ಇಟ್ಟಳು. ಕತ್ತರಿಸಲು ಕೈ ಬರಲಿಲ್ಲ. ಅದನ್ನೇ ಹಿಡಿದು ಗೋಡೆಗೆ ಹಣೆ ಹಚ್ಚಿ ನಿಂತಳು.

ಅಳು ನಿಂತಿತ್ತು. ತಿರುಗಿ ನೋಡಿದರೆ ಕೌದಿ ಬರಿದಾಗಿತ್ತು.

ಸಾವಿತ್ರವ್ವ ಅಡುಗೆಮನೆಯ ಬಾಗಿಲಲ್ಲಿ ತಾಟು ಮುಂದಿಟ್ಟುಕೊಂಡು ಕುಳಿತಿದ್ದಳು. ಹಾಲಿನಲ್ಲಿ ರೊಟ್ಟಿ ನೆನೆಸಿದ್ದಳು, ತಿಂದಿರಲಿಲ್ಲ. ತೆವಳಿಕೊಂಡು ಹೋದ ಸಾಕ್ಷಿ ಆ ತಾಟಿನೊಳಗೆ ಕೈ ಹಾಕಿ, ಮುಷ್ಟಿಯನ್ನೇ ಬಾಯಿಗೆ ತುರುಕಿಕೊಂಡಿತ್ತು.

ನುಸಿ ಹತ್ತಬಾರದೆಂದು ವಿಷದ ಗುಳಿಗೆ ಇಟ್ಟ ಚೀಲದ ಜೋಳದ ರೊಟ್ಟಿ ಅದು. ಕೋಮಲ ಓಡಿ ಬಂದು ಕೂಸಿನ ಬಾಯಿಗೆ ಬೆರಳು ಹಾಕಿದಳು. ಮೆತ್ತನೆಯ ರೊಟ್ಟಿ ಸಿಕ್ಕಿತು. ಅದರಾಚೆ, ಕೆಳಗಿನ ಒಸಡಿನಲ್ಲಿ, ಗಟ್ಟಿಯಾದದ್ದೇನೋ ಚುಚ್ಚಿತು. ಹಲ್ಲು. ಯಾವಾಗ ಮೂಡಿತ್ತೋ, ಅವಳು ನೋಡಿಯೇ ಇರಲಿಲ್ಲ. ಸಾಕ್ಷಿ ಆ ಬೆರಳನ್ನು ಕಚ್ಚಿ ಹಿಡಿದೇ ರೊಟ್ಟಿ ನುಂಗಿತು. ಮತ್ತೆ ತಾಟಿಗೆ ಕೈ ಚಾಚಿತು.

ಸಾವಿತ್ರವ್ವ ತಾಟನ್ನು ಹಿಂದೆ ಸರಿಸಲಿಲ್ಲ, ಮುಂದಕ್ಕೂ ನೂಕಲಿಲ್ಲ. ಸೊಸೆಯ ಮುಖ ನೋಡುತ್ತ ಕುಳಿತಳು. ಕೋಮಲಳ ಬೆರಳು ಇನ್ನೂ ಕೂಸಿನ ಬಾಯೊಳಗೇ ಇತ್ತು. ರೊಟ್ಟಿ ಹಿಡಿದು ಮೇಲೆದ್ದ ಪುಟ್ಟ ಮುಷ್ಟಿಯಿಂದ ಹಾಲು ಅವಳ ಮುಂಗೈ ಮೇಲೆ ತೊಟ್ಟಿಕ್ಕಿ, ಬಳೆಗಳ ಸಂದಿಯಿಂದ ಮೊಣಕೈಗೆ ಇಳಿಯುತ್ತಿತ್ತು.