ನೂರ ಹನ್ನೆರಡು ಸೆಂಟಿಮೀಟರ್

ಅಮೆರಿಕದ ಡುಲೂತ್‌ನ ಆಸ್ಪತ್ರೆಯೊಂದರ ಸ್ಕ್ಯಾನ್ ಕೋಣೆಯಲ್ಲಿ ತಂತ್ರಜ್ಞೆ ಮಾರ್ಲಾ ಒಪ್ಪಿಗೆಯ ಗುಂಡಿ ಒತ್ತಿ ಹತ್ತು ನಿಮಿಷವಾಗಿತ್ತು. ಆಗಿನಿಂದ ಅವಳು ಕೂತಲ್ಲಿ ಕೂತಿರಲಿಲ್ಲ.

ಪರದೆಯ ಮೇಲೆ ಅರ್ಡಿತ್ ಕೋಸ್ಕಿಯ ದೊಡ್ಡ ಕರುಳಿನ ಉದ್ದಕ್ಕೂ ಯಂತ್ರ ಎಳೆದ ಗೆರೆ ನೂರ ಹನ್ನೆರಡು ಸೆಂಟಿಮೀಟರ್ ಮಾತ್ರ ತೋರಿಸುತ್ತಿತ್ತು. ಡಾಕ್ಟರು ಆ ಗೆರೆ ಹಿಡಿದೇ ಒಳಗೆಲ್ಲ ನೋಡುವುದು. ಅರ್ಡಿತ್‌ಗೆ ಎಪ್ಪತ್ತು ವರ್ಷ, ಐದಡಿಯೂ ಇಲ್ಲ. ಕುಳ್ಳಗಿನ ಹೆಂಗಸು, ಕರುಳೂ ಗಿಡ್ಡ ಇರಬೇಕು ಎಂದುಕೊಂಡು ಮಾರ್ಲಾ ಆ ಗೆರೆಯನ್ನು ಒಪ್ಪಿಬಿಟ್ಟಿದ್ದಳು.

ಸಂಜೆ ತರಗತಿಯ ಪಾಠ ಈಗ ನೆನಪಾಯಿತು. ಹೆಂಗಸರ ಕರುಳು ಎತ್ತರಕ್ಕೆ ತಕ್ಕಂತೆ ಗಿಡ್ಡವಾಗುವುದಿಲ್ಲ, ಎಷ್ಟೋ ಸಲ ಗಂಡಸರದಕ್ಕಿಂತ ಉದ್ದವೇ. ಅಡ್ಡಭಾಗ ಜೋತು ಸೊಂಟದವರೆಗೆ ಇಳಿದು ಕೆಳಗಿನ ಸುರುಳಿಗೆ ತಾಗುತ್ತದೆ. ತಾಗಿದಲ್ಲಿ ಯಂತ್ರದ ಗೆರೆ ನಡುವಿನದನ್ನೆಲ್ಲ ಬಿಟ್ಟು ಅತ್ತ ಹಾರಬಹುದು. ಹಾರಿದೆಯೋ, ತನ್ನ ಭ್ರಮೆಯೋ.

ಅರ್ಡಿತ್ ಬಾಗಿಲಲ್ಲಿ ಇಣುಕಿದಳು. "ಹೊರಡ್ಲೇನಮ್ಮಾ? ಗಾಳಿ ತುಂಬಿಸಿ ಬಲೂನ್ ಮಾಡಿದೀರಿ, ಹಾರ್ಕೊಂಡೇ ಹೋಗ್ತೀನಿ."

"ಸ್ವಲ್ಪ ಕೂತಿರಿ."

"ಹೋದ ತಿಂಗಳು ಕ್ಯಾಮೆರಾ ಕೊಳವೆ ಹಾಕಿದ ಡಾಕ್ಟ್ರು ಅರ್ಧಕ್ಕೇ ನಿಲ್ಸಿ, ನೀನು ಒದ್ದಾಡ್ದೆ ಅಂತ ನನ್ ಮೇಲೇ ಹಾಕಿದ್ರು. ಇವತ್ತಾದ್ರೂ ಪೂರ್ತಿ ನೋಡಿದ್ರಲ್ಲ, ಸಾಕು."

ಮಾರ್ಲಾ ಪಕ್ಕದ ಕೋಣೆಗೆ ಓಡಿದಳು. ಡಾಕ್ಟರ್ ಹಾಲ್ವರ್ಸನ್ ವರದಿ ಮುಗಿಸುತ್ತಿದ್ದರು.

"ಡಾಕ್ಟ್ರೇ, ಸಹಿ ಹಾಕ್ಬೇಡಿ. ಗೆರೆ ತಪ್ಪಿದೆ ಅನ್ಸುತ್ತೆ. ನಾನೇ ಒಪ್ಪಿದ್ದು."

"ಅನ್ಸುತ್ತೋ, ಗೊತ್ತೋ?"

"ಗೊತ್ತಿಲ್ಲ."

"ಹೋದ ವಾರ ಮೂರು ಸಲ ಅನ್ಸಿತ್ತು ನಿಮಗೆ. ಮೂರೂ ಸರಿಯಾಗೇ ಇತ್ತು." ಆದರೂ ಅವರು ಮೌಸ್ ಅವಳತ್ತ ತಳ್ಳಿದರು. "ಗೆರೆ ಕೈಯಲ್ಲೇ ಎಳೀರಿ."

ಅವಳು ಎಳೆದಳು. ಸೊಂಟದ ಹತ್ತಿರ ಎರಡು ಗೋಡೆ ಅಂಟಿಕೊಂಡಿದ್ದವು. ಗೆರೆ ಅಲ್ಲೇ ಹಾರಿತ್ತು. ಅವಳು ಹಾರದೆ ಮತ್ತೆ ಮೇಲೆ ಹತ್ತಿ, ಎಡಪಕ್ಕೆಯಲ್ಲಿ ತಿರುಗಿ, ಕೆಳಗಿಳಿದಳು. ಇನ್ನೂರ ಮೂರು ಸೆಂಟಿಮೀಟರ್. ಹಾಲ್ವರ್ಸನ್ ಬಿಟ್ಟುಹೋದ ಭಾಗವನ್ನು ನೋಡುತ್ತ ಹೋದರು. ಎಡಗಡೆಯ ಗೋಡೆಯ ಮೇಲೆ ಚೆರ್ರಿ ಹಣ್ಣಿನಷ್ಟು ದಪ್ಪದ ಒಂದು ಗಂಟು.

"ಅವರೇನಾದ್ರೂ ತಿಂದ್ರಾ?" ಎಂದರು. "ಹೊಟ್ಟೆ ಖಾಲಿ ಇದ್ರೆ ಇವತ್ತೇ ಕೊಳವೆ ಹಾಕಿ ತೆಗೀಬಹುದು."

ಅರ್ಡಿತ್ ಹೊರಗೆ ಬಿಸ್ಕತ್ತಿನ ಪೊಟ್ಟಣ ಬಿಚ್ಚುತ್ತಿದ್ದಳು. ಮಾರ್ಲಾ ಅವಳ ಕೈ ಹಿಡಿದಳು.

"ತಿನ್ಬೇಡಿ. ಒಂದು ಗಂಟು ಸಿಕ್ಕಿದೆ. ನಾನು ಸರಿಯಾಗಿ ನೋಡ್ದೆ ನಿಮ್ಮನ್ನ ಮನೆಗೆ ಕಳಿಸ್ತಿದ್ದೆ. ಇನ್ನೊಂದು. ನೀವು ಒದ್ದಾಡಿದ್ದಕ್ಕಲ್ಲ ಕೊಳವೆ ನಿಂತದ್ದು. ನಿಮ್ಮ ಕರುಳೇ ಉದ್ದ, ಜೋತುಬಿದ್ದಿದೆ."

ಅರ್ಡಿತ್ ಬಿಸ್ಕತ್ತಿನ ಪೊಟ್ಟಣ ಮಡಚಿ ಚೀಲಕ್ಕೆ ಹಾಕಿದಳು.

"ಅದನ್ನ ಬರೆದು ಕೊಡು," ಎಂದಳು. "ಈ ಸಲ ಕೊಳವೆ ಹಾಕೋರಿಗೆ ಮೊದಲೇ ತೋರಿಸ್ತೀನಿ."