ನಾಲ್ಕು ಗಂಟೆಗೆ ಬರುವವರು

ಕೀಬೋರ್ಡನ್ನು ಬೋರಲು ಹಾಕಿ ತಟ್ಟಿದರೆ ಒಂದು ಉಗುರು ಬಿತ್ತು, ಹಲ್ಲಿನಿಂದ ಕಚ್ಚಿ ತುಂಡರಿಸಿದ್ದು, ಅದರ ಹಿಂದೆ ಎರಡು ಕಾಳು ಜೀರಿಗೆ, ಒಂದು ನರೆಗೂದಲು — ಜನ ತಮ್ಮನ್ನು ಹೀಗೆ ಚೂರುಚೂರಾಗಿ ಯಂತ್ರಗಳೊಳಗೆ ಬಿಟ್ಟುಹೋಗುತ್ತಾರೆ, ಬ್ರಶ್ಶಿನಿಂದ ಗುಡಿಸಿ ಬುಟ್ಟಿಗೆ ಹಾಕುವವಳು ನಾನು, ನಾಗರತ್ನಾ, ಶಿವಾಜಿನಗರದ ಈ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಆರನೇ ವರ್ಷ. ಹೊರಗೆ ರಸೆಲ್ ಮಾರುಕಟ್ಟೆಯ ಕಡೆಯಿಂದ ಮೀನು, ಮಲ್ಲಿಗೆ ಎರಡೂ ಒಂದೇ ಗಾಳಿಯಲ್ಲಿ ಬರುತ್ತವೆ, ಕೌಂಟರಿನಾಚೆ ಯಾರೋ ಮದುವೆಯ ಫೋಟೋ ಅಳಿಸಿಹೋಗಿವೆ ಎನ್ನುತ್ತಿದ್ದಾರೆ, ಮಾಲೀಕರು ವಾಜಿದ್ ಭಾಯ್ ಎಲ್ಲ ಗಿರಾಕಿಗಳಿಗೂ ಹೇಳುವುದನ್ನೇ ಹೇಳುತ್ತಿದ್ದಾರೆ, ಆಗತ್ತೆ, ಕೂತ್ಕೊಳಿ. ನನಗೆ ಹೇಳುವುದೂ ಒಂದೇ ಮಾತು, ರಿಪೇರಿ ಮಾಡು ರತ್ನಾ, ಒಳಗೇನಿದೆ ಅಂತ ನೋಡ್ಬೇಡ. ನೋಡುವುದಿಲ್ಲ — ನೋಡುತ್ತಿರಲಿಲ್ಲ. ಹೋದ ವರ್ಷ ರಾಜಶೇಖರ ಎನ್ನುವವರು ಬಂದಾಗಲೂ ನೋಡಲಿಲ್ಲ, ಇಸ್ತ್ರಿ ಮುರಿಯದ ಅಂಗಿ, ಮನೆ ಬಾಣಸವಾಡಿ, ಕೆಲಸ ಮಹದೇವಪುರದಲ್ಲಿ, ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟು ಮನೆಯಲ್ಲಿ ಸಾಮಾನು ಕಳುವಾಗುತ್ತಿದೆ, ಕ್ಯಾಮೆರಾ ತಾನಾಗಿಯೇ ಫೋಟೋ ತೆಗೆದು ತನಗೆ ಮೇಲ್ ಕಳಿಸುವ ಹಾಗೆ ಏನಾದರೂ ಹಾಕಿಕೊಡಿ ಎಂದರು. ಎಷ್ಟು ಗಂಟೆಗೆ ಸರ್ ಎಂದೆ. ನಾಲ್ಕಕ್ಕೆ, ಆವಾಗ ಅವ್ಳು ಒಬ್ಳೇ ಇರ್ತಾಳೆ. ಕಳ್ಳನ ಚಿಂತೆ ಇರುವವರು ಅವಳು ಎನ್ನುತ್ತಾರೆಯೇ, ಗೊತ್ತಾಯಿತು, ಆ ಕ್ಷಣದಲ್ಲೇ ಗೊತ್ತಾಯಿತು, ಆದರೂ ಬೆರಳು ನಿಲ್ಲಲಿಲ್ಲ, ಒಂದು ವರ್ಷದ ಅವಧಿಗೆ ಹಾಕಿದೆ, ದಿನಾ ನಾಲ್ಕಕ್ಕೆ ಒಂದು ಫೋಟೋ, ಕ್ಯಾಮೆರಾ ಪಕ್ಕದ ಹಸಿರು ದೀಪ ಮಾತ್ರ ಹತ್ತುತ್ತದೆ ಸರ್, ಅದನ್ನು ತಡೆಯಲಾಗುವುದಿಲ್ಲ ಎಂದೆ, ಹತ್ಲಿ ಬಿಡಿ, ಅವ್ಳಿಗೇನ್ ಗೊತ್ತಾಗತ್ತೆ ಎಂದರು.

ಅವಳು ಬಂದದ್ದು ಈ ತಿಂಗಳ ಮೊದಲ ವಾರ, ಅವಳು ಅಲ್ಲ, ಅವರು, ಪ್ರೇಮಕ್ಕ, ಐವತ್ತು ದಾಟಿದ ದಾವಣಗೆರೆ ಕಡೆಯ ಹೆಂಗಸು, ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಅವುಚಿ ಹಿಡಿದಿದ್ದರು, ತಿರುಗಿಸಿದರೆ ಅಡಿಯಲ್ಲಿ ನನ್ನದೇ ಕೈಬರಹದ ಚೀಟಿ, ರಾಜಶೇಖರ ಎಂದು ಹೋದ ವರ್ಷ ಬರೆದು ಅಂಟಿಸಿದ್ದು. ಏನಾಗಿದೆಯಮ್ಮ ಎಂದು ಕೇಳಿದೆ. ಏನೂ ಕೆಟ್ಟಿಲ್ಲ, ದೀಪ ಬರುತ್ತಿಲ್ಲ ಎಂದರು, ನಾಲ್ಕು ದಿನದಿಂದ. ಪಕ್ಕದಲ್ಲಿ ಗಿರಾಕಿಗಳಿದ್ದರೆಂದು ದನಿ ತಗ್ಗಿಸಿ ಹೇಳಿದರು, ಗಂಡ ಜನವರಿಯಲ್ಲಿ ಆಫೀಸಿನ ಲಿಫ್ಟಿನಲ್ಲೇ ಎದೆ ಹಿಡಿದುಕೊಂಡು ಹೋದರಂತೆ, ಲ್ಯಾಪ್‌ಟಾಪು ಭಜನೆ ಕೇಳಲು ಊಟದ ಮೇಜಿನ ಮೇಲೆ ತೆರೆದೇ ಇರುತ್ತಿತ್ತು, ತಿಥಿಯೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ ಒಂದು ದಿನ ಅದರ ಮುಂದೆ ಕೂತು ಅಳುವಾಗ ಹಸಿರು ದೀಪ ಹತ್ತಿತಂತೆ, ಮರುದಿನವೂ ಸರಿಯಾಗಿ ನಾಲ್ಕಕ್ಕೇ, ಅದರ ಮರುದಿನವೂ. ರಜೆಯ ದಿನ ಗಂಡ ಕಾಫಿ ಕುಡಿಯುತ್ತಿದ್ದ ಹೊತ್ತಂತೆ ಅದು. ಆಮೇಲೆ ದಿನಾ ತಲೆ ಬಾಚಿಕೊಂಡು ಎದುರಿಗೆ ಕೂರುತ್ತಿದ್ದೆ, ಒಂದು ಲೋಟ ಕಾಫಿಯನ್ನೂ ಇಡುತ್ತಿದ್ದೆ ಎಂದರು. ಹೇಳಿಬಿಡಬೇಕಿತ್ತು, ಅದು ಅವರಲ್ಲಮ್ಮ, ನಾನು ಹಾಕಿದ್ದು, ಒಂದು ವರ್ಷ ಮುಗಿಯಿತು, ಅದಕ್ಕೇ ನಿಂತಿದೆ — ಅಮ್ಮಾ ಅದು, ಎಂದು ಬಾಯಿ ತೆರೆದೆ ಕೂಡ, ಅಷ್ಟರಲ್ಲಿ ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಬದುಕಿರೋ ತನಕ ನನ್ ಮುಖಾನೇ ನೋಡ್ಲಿಲ್ಲಮ್ಮ ಅವ್ರು. ಈಗ ದಿನಾ ಬಂದ್ ನೋಡ್ತಿದ್ರು. ಹೆಂಗಾದ್ರೂ ಮಾಡಿ ಬರಂಗ್ ಮಾಡು.

ರಿಪೇರಿ ಮಾಡಿದೆ. ಬೇರೇನು ಮಾಡಬಹುದಿತ್ತು, ಅವಧಿ ಮುಂದುವರಿಸಿದೆ, ಫೋಟೋ ಹಳೆಯ ವಿಳಾಸಕ್ಕೆ ಹೋಗದೆ ಹಿಂದಿರುಗಿತು, ಸತ್ತವರ ಮೇಲ್ ತುಂಬಿಹೋಗಿ ಏನನ್ನೂ ಒಳಗೆ ಬಿಡುತ್ತಿರಲಿಲ್ಲ, ತಿಂಗಳುಗಟ್ಟಲೆ ಹೆಂಡತಿಯ ಮುಖ ಒಂದರ ಮೇಲೊಂದು ಬಿದ್ದು, ಒಂದನ್ನೂ ತೆರೆಯುವವರಿಲ್ಲದೆ. ಫೋಟೋ ಎಲ್ಲಿಗಾದರೂ ಹೋಗಲೇಬೇಕು, ಹೀಗೆ ಹಿಂದಿರುಗುತ್ತಲೇ ಇದ್ದರೆ ದೀಪ ಮತ್ತೆ ನಿಂತುಬಿಡುತ್ತದೆ, ಸದ್ಯಕ್ಕೆ ಎಂದು ನನ್ನ ವಿಳಾಸ ಹಾಕಿದೆ. ಮರುದಿನ ನಾಲ್ಕಕ್ಕೆ ಜೇಬಿನಲ್ಲಿ ಫೋನು ನಡುಗಿತು. ಪ್ರೇಮಕ್ಕ ನೇರ ನನ್ನನ್ನೇ ನೋಡುತ್ತಿದ್ದರು, ಮುಂದೆ ಸ್ಟೀಲಿನ ಲೋಟ, ಮೇಲೆ ಹಬೆ. ಅಳಿಸಲಿಲ್ಲ. ಎರಡನೆಯ ದಿನ, ಮೂರನೆಯ ದಿನ, ಬೆರಳು ಅಳಿಸುವ ಗುಂಡಿಯ ತನಕ ಹೋಗಿ ಹಿಂದಿರುಗುತ್ತದೆ, ಈಗ ಮೂರೂವರೆಗೇ ಗಡಿಯಾರ ನೋಡುತ್ತೇನೆ. ಭಾನುವಾರ ಕೆ.ಆರ್. ಪುರದ ಕೋಣೆಯಲ್ಲಿ ಅವ್ವ ಭೀಮಬಾಯಿ ನನ್ನ ಭುಜದ ಮೇಲಿಂದ ಫೋನಿನೊಳಗೆ ಇಣುಕಿದಳು, ಸೇಡಂ ಬಿಟ್ಟು ಹತ್ತು ವರ್ಷವಾದರೂ ಮಾತು ಬದಲಾಗಿಲ್ಲ, ಯಾರಿಗಿ ಕಾಯಕತ್ತಾಳವ್ವ ಆಕಿ? ಗಿರಾಕಿ ಅವ್ವಾ ಎಂದೆ. ನಿನ್ನೇ ನೋಡಕತ್ತಾಳ ನೋಡು, ಎಂದು ಅವ್ವ ಒಳಗೆ ಹೋಗಿ ಅಕ್ಕಿ ಆರಿಸುತ್ತ ಕೂತಳು.

ಇವತ್ತಿಗೆ ಹನ್ನೆರಡನೆಯ ದಿನ. ಊಟದ ಹೊತ್ತಿಗೆ ಮೆಟ್ಟಿಲ ಕೆಳಗೆ ನಿಂತು ಪ್ರೇಮಕ್ಕನಿಗೆ ಫೋನ್ ಮಾಡಿದೆ, ಎಲ್ಲ ಹೇಳಿಬಿಡುವುದೆಂದು, ಬೈಯಲಿ, ಪೊಲೀಸರಿಗೆ ಹೇಳಲಿ, ನಿಂತುಹೋಗಲಿ ಇದು. ದೀಪ ಬರ್ತಿದೆಯಾ ಅಮ್ಮ ಎಂದೆ. ಬರತ್ತೆ ಎಂದರು, ಹಿಂದೆ ಭಜನೆಯ ತಾಳ. ಅವ್ರಲ್ಲ ಅನ್ಸತ್ತಮ್ಮ ಈಗ ಬರ್ತಿರೋದು. ಮೊದ್ಲೆಲ್ಲ ಎದುರಿಗೆ ಕೂತ್ರೆ ಮೈ ಮುದುಡ್ಕೊಳೋದು, ತಪ್ಪು ಮಾಡಿದ್ಹಂಗೆ. ಈಗ ಹಂಗಿಲ್ಲ. ಯಾರೋ ಹೆಣ್ಣುಮಗಳು ಅನ್ಸತ್ತೆ. ಬರ್ಲಿ ಬಿಡು, ಯಾರಾದ್ರೇನು, ಎಂದರು, ಕಾಫಿಗೆ ಸಕ್ಕರೆ ಎಷ್ಟು ಹಾಕ್ಲೋ ಗೊತ್ತಾಗ್ತಿಲ್ಲ ಅಷ್ಟೆ. ನಾನು ಫೋನಿಟ್ಟೆ, ಬಂದು ಕೂತೆ, ಸ್ಕ್ರೂ ಬಿಚ್ಚಿದೆ, ಹಾಕಿದೆ, ಮತ್ತೆ ಬಿಚ್ಚಿದೆ, ವಾಜಿದ್ ಭಾಯ್ ಏನೋ ಕೇಳಿದರು, ಆಗತ್ತೆ ಎಂದೆ, ನಾಲ್ಕಾಯಿತು, ಫೋನು ನಡುಗಿತು, ತೆರೆಯಬಾರದು, ತೆರೆದೆ — ಮುಖ ಅರ್ಧವೇ ಕಾಣುತ್ತಿದೆ, ತೋಳು ನನ್ನ ಕಡೆಗೆ ಚಾಚಿದೆ, ಹತ್ತಿರ, ಇನ್ನೂ ಹತ್ತಿರ, ತೆಗೆದುಕೋ ಎನ್ನುವಂತೆ ಹಿಡಿದ ಆ ಲೋಟ, ಅಂಚಿನ ತನಕ ತುಂಬಿದ್ದು, ಹಬೆಯಾಡುವ ಲೋಟ, ಲೋಟ