ವಾರಕ್ಕೆ ಎರಡೇ ದಿನದ ಮಾತ್ರೆ

ಹಬೆ ತುಂಬಿದ ಕೋಣೆಯಲ್ಲಿ ಬಣ್ಣದಕ್ಕ ನೂಲನ್ನು ಹಂಡೆಗೆ ಇಳಿಸುತ್ತಿದ್ದಳು. ತಲೆಯ ಮೇಲೆ ಹಗ್ಗದ ತುಂಬ ನೀಲಿ ನೂಲಿನ ಲಡಿಗಳು, ಯಾರೋ ಕಂಡು ಮರೆತ ಕನಸುಗಳಂತೆ ತೂಗುತ್ತಿದ್ದವು. ಊರಿಗೆಲ್ಲ ಬಣ್ಣ ಕೊಡುವವಳ ಬೆರಳಿನ ಬಣ್ಣವೇ ಹೇಳದೆ ಕೇಳದೆ ಕಾಲು ಕಿತ್ತಿತ್ತು. ಮೊದಲು ತುದಿ, ಆಮೇಲೆ ಗೆಣ್ಣು, ಈಗ ತುಟಿಯಂಚು. ತೊನ್ನು.

ಅತ್ತೆ ಜಗಳವಾಡಲಿಲ್ಲ. ಎಳೆಗೂಸನ್ನು ಮೆಲ್ಲಗೆ ತನ್ನ ಮಗ್ಗುಲಿಗೆ ಎಳೆದುಕೊಂಡಳು, ಅಷ್ಟೆ. ಹಾಲೂಡಿಸುವಾಗ ಬಿಟ್ಟರೆ ಹೆತ್ತವಳಿಗೆ ಮಗು ಸಿಗುತ್ತಿರಲಿಲ್ಲ.

ಚರ್ಮದ ವೈದ್ಯರು, ಮಗುವಿಗೆ ಹಾಲೂಡಿಸುವುದೂ ಸೇರಿ, ಎಲ್ಲವನ್ನೂ ವಿಚಾರಿಸಿಯೇ ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ದರು. ವಾರದಲ್ಲಿ ಸಾಲಾಗಿ ಎರಡೇ ದಿನ ನುಂಗಬೇಕು, ಇದು ಮಚ್ಚೆ ಹರಡದಂತೆ ತಡೆಯಲು, ಬಣ್ಣ ಮರಳುವುದು ನಿಧಾನ ಎಂದಿದ್ದರು. ಬಣ್ಣದಕ್ಕನ ತಲೆಯಲ್ಲಿ ಹಂಡೆಯದೇ ಲೆಕ್ಕ: ಹೆಚ್ಚು ಸಲ ಅದ್ದಿದರೆ ಹೆಚ್ಚು ಗಾಢ. ಮಗು ಬೇಗ ಮಡಿಲಿಗೆ ಬರಲೆಂದು ದಿನಾ ನುಂಗಿದಳು. ಮುಗಿದಾಗ ಔಷಧಿ ಅಂಗಡಿಯಲ್ಲಿ ಹಳೇ ಚೀಟಿ ತೋರಿಸಿ ಮತ್ತೆ ತಂದಳು.

ವಾರಗಳು ಕಳೆದವು. ಮುಖ ಊದಿ ದುಂಡಗಾಯಿತು. ನಿದ್ದೆ ಕಣ್ಣಿನ ಬಳಿ ಸುಳಿದಾಡಿ ವಾಪಸು ಹೋಗುತ್ತಿತ್ತು. ಗಂಡ ಮಾತ್ರ, ಮೈಕೈ ತುಂಬ್ಕೊಂಡಿದ್ದಾಳೆ ಎಂದು ಹಿಗ್ಗಿದ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ನಾದಿನಿ ಬಂದವಳು ಖಾಲಿ ಮಾತ್ರೆ ಹಾಳೆಗಳ ರಾಶಿ ಕಂಡು ಅಣ್ಣನ ರಾಗವನ್ನೇ ಎಳೆದಳು: “ಮೈಕೈ ತುಂಬ್ಕೊಂಡಿದ್ದಾಳೇ... ತುಂಬಿರೋದು ಮಾತ್ರೆ ಕಣೋ ಜಾಣ.”

ದಿನಾ ಹೀಗೆ ನುಂಗಿದರೆ ಸಕ್ಕರೆ, ರಕ್ತದೊತ್ತಡ ಏರಬಹುದು, ಮೂಳೆ ಸವೆಯಬಹುದು ಎಂದು ಅವಳು ಬಿಡಿಸಿ ಹೇಳಿದಳು. ಬೆದರಿದ ಬಣ್ಣದಕ್ಕ ಮಾತ್ರೆಗಳನ್ನೆಲ್ಲ ಕಸಕ್ಕೆಸೆಯಲು ಹೊರಟಳು.

“ತಡಿ ಅತ್ತಿಗೆ, ಅದು ಇನ್ನೂ ಅಪಾಯ,” ಎಂದು ನಾದಿನಿ ಕೈ ಹಿಡಿದಳು. “ಈ ಮಾತ್ರೇಲಿರೋ ಥರದ್ದನ್ನ ನಮ್ಮ ಮೈಯೇ ಮಾಡ್ಕೊಳ್ಳತ್ತೆ; ಇಷ್ಟು ದಿನ ಹೊರಗಿಂದ ಸಿಕ್ತಲ್ಲ, ನಿನ್ನ ಮೈ ಅದನ್ನ ಮಾಡೋದು ಬಿಟ್ಟಿರತ್ತೆ. ದಿಢೀರಂತ ನಿಲ್ಸಿದ್ರೆ ಕುಸಿದು ಬೀಳ್ತೀಯ. ಈಗಲೇ ಡಾಕ್ಟರ ಹತ್ರ ಹೋಗೋಣ.”

ಅತ್ತೆಯೂ ಮಗುವನ್ನೆತ್ತಿಕೊಂಡು ಹೊರಟಳು. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆಯನ್ನು ಹಂತಹಂತವಾಗಿ ಇಳಿಸುವ ಕ್ರಮ ಬರೆದುಕೊಟ್ಟರು. ಅತ್ತೆ ತಗ್ಗಿದ ದನಿಯಲ್ಲಿ, ಮಗೂಗೆ ಅಂಟಲ್ವಾ ಎಂದು ಕೇಳಿದಳು.

“ಇಲ್ಲಮ್ಮ. ಮುಟ್ಟಿದ್ರೆ, ಮುದ್ದಾಡಿದ್ರೆ, ಒಂದೇ ತಟ್ಟೇಲಿ ಉಂಡ್ರೆ ತೊನ್ನು ಅಂಟಲ್ಲ.”

ಅತ್ತೆ ಮಗುವನ್ನೆತ್ತಿಕೊಂಡು ಹೊರಗೆ ಬಂದಳು. ಆಮೇಲೆ ಆಸ್ಪತ್ರೆಯ ಬೆಂಚಿನ ಮೇಲೆಯೇ ಮಗುವನ್ನು ಸೊಸೆಯ ಮಡಿಲಿಗಿಟ್ಟಳು. ಮಚ್ಚೆ ಇನ್ನೂ ಇದ್ದ ಹಾಗೇ ಇತ್ತು. ಮಗು ಬಿಳಿ ಬೆರಳೊಂದನ್ನು ಹಿಡಿದು, ತುಟಿಯಲ್ಲೇ ನಗುತ್ತ ನಿದ್ದೆಗೆ ಜಾರಿತು.

ಇದನ್ನು ಕೇಳುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರಿಗಾದರೂ ತೊನ್ನಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ಸ್ಟೀರಾಯ್ಡ್ ಮಾತ್ರೆಯನ್ನು ಅವರು ಹೇಳಿದಷ್ಟೇ, ಹೇಳಿದ ದಿನವೇ ನುಂಗಿ; ನೀವಾಗಿ ಹೆಚ್ಚಿಸಬೇಡಿ, ನೀವಾಗಿ ನಿಲ್ಲಿಸಬೇಡಿ, ಇನ್ನೊಬ್ಬರಿಗೆ ಕೊಡಬೇಡಿ. ಔಷಧಿ ಕೆಲಸ ಮಾಡಲು ಸಮಯ ಬೇಕು. ತೊನ್ನಿರುವವರನ್ನು ಅಪ್ಪಿಕೊಳ್ಳಲು ನೀವು ಅಲ್ಲಿಯವರೆಗೆ ಕಾಯಬೇಕಿಲ್ಲ.